ಬ್ಯಾಳಿ ಬೇಯುವ ನೀರು

ನಮ್ಮೂರಲ್ಲಿ ನೀರಿಗೆ ಒಂದೇ ಪರೀಕ್ಷೆ. ತೊಗರಿಬ್ಯಾಳಿ ಬೇಯುತ್ತದಾ, ಇಲ್ಲವಾ? ಬೆಂದರೆ ಅದು ಸಿಹಿ ನೀರು. ಬೇಯದಿದ್ದರೆ ಸವಳು ನೀರು, ದನಕ್ಕೆ ಮತ್ತು ಬಟ್ಟೆಗೆ. ಊರ ಮುಂದಿನ ಹಳೇ ಬಾವಿ ಸವಳು. ಹನುಮಪ್ಪನ ಗುಡಿ ಹಿಂದಿನ ಬೋರು ಸಿಹಿ. ನಾನು ಹುಟ್ಟುವ ಮೊದಲಿನಿಂದಲೂ ಅರ್ಧ ಊರು ಆ ಬೋರಿನ ನೀರನ್ನೇ ಕುಡಿದಿದೆ.

ನಾನೂ ಕುಡಿದವಳೇ. ನನ್ನ ಮುಂದಿನ ಹಲ್ಲುಗಳ ಮೇಲೆ ಅಡ್ಡಕ್ಕೆ ಕಂದು ಗೆರೆಗಳಿವೆ. ಸಣ್ಣವಳಿದ್ದಾಗ, ಹಲ್ಲು ಸರಿಯಾಗಿ ತಿಕ್ಕುವುದಿಲ್ಲ ಅಂತ ಅವ್ವ ಬೈಯುತ್ತಿದ್ದಳು. ಇದ್ದಿಲು, ಉಪ್ಪು, ಬೇವಿನ ಕಡ್ಡಿ ಎಲ್ಲ ಆಯಿತು. ಗೆರೆ ಹೋಗಲಿಲ್ಲ. ಊರಿನ ಹುಡುಗರಲ್ಲಿ ಎಷ್ಟೋ ಜನಕ್ಕೆ ಹಾಗೇ ಇತ್ತು. ಹಾಗಾಗಿ ಅದೊಂದು ವಿಷಯ ಅಂತಲೇ ಯಾರಿಗೂ ಅನಿಸಿರಲಿಲ್ಲ. ಬಿ.ಎಸ್ಸಿಗೆ ಕೊಪ್ಪಳಕ್ಕೆ ಹೋದ ಮೇಲೆ ನಾನು ಬಾಯಿಗೆ ಕೈ ಅಡ್ಡ ಇಟ್ಟು ನಗುವುದನ್ನು ಕಲಿತೆ.

ಊರು ಕುಷ್ಟಗಿ ತಾಲ್ಲೂಕಿನದು. ಹೆಸರು ಹೇಳುವುದಿಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

2022ರ ಕೊನೆಗೆ ಬಳ್ಳಾರಿಯಲ್ಲಿ ಪರಿಸರ ವಿಜ್ಞಾನದ ಎಂ.ಎಸ್ಸಿಗೆ ಸೀಟು ಸಿಕ್ಕಿತು. ನಿಜ ಹೇಳಬೇಕೆಂದರೆ ಮೊದಲು ಕೇಳಿದ್ದು ಕೆಮಿಸ್ಟ್ರಿ. ಅಲ್ಲಿ ಅಂಕ ಸಾಲಲಿಲ್ಲ. ಕೌನ್ಸೆಲಿಂಗ್ ದಿನ ಪಟ್ಟಿಯಲ್ಲಿ ಉಳಿದದ್ದನ್ನು ನೋಡಿ, ಕೆಮಿಸ್ಟ್ರಿಗೆ ಹತ್ತಿರ ಇದೆಯಲ್ಲ ಅಂತ ಇದನ್ನು ತಗೊಂಡೆ. ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371ಜೆ ಪತ್ರಕ್ಕೆ ಕಚೇರಿಗೆ ನಾಲ್ಕು ಸಲ ಅಲೆದದ್ದು, ಆದಾಯ ಪತ್ರದಲ್ಲಿ ಅಪ್ಪನ ಹೆಸರು ತಪ್ಪಾಗಿ ಮತ್ತೆ ಮೊದಲಿಂದ ಶುರುವಾದದ್ದು, ಇದೆಲ್ಲ ಈ ಕಡೆ ಓದಿದವರಿಗೆ ಗೊತ್ತಿರುವ ಕಥೆಯೇ. ಊರಲ್ಲಿ ಸೋದರಮಾವ ಕೇಳಿದ, "ಗಿಡ ಹಚ್ಚಾಕ ಎರಡು ವರ್ಷ ಓದ್ಬೇಕೇನವಾ?"

ಗಿಡದ ಪಾಠ ಇದ್ದದ್ದು ಕಮ್ಮಿ. ಜಾಸ್ತಿ ಇದ್ದದ್ದು ಅಳೆಯುವುದು. ನೀರು ಅಳೆ, ಗಾಳಿ ಅಳೆ, ಮಣ್ಣು ಅಳೆ, ಸದ್ದು ಅಳೆ. ಜೊತೆಗೆ ಕಾನೂನು. 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ, ಭೋಪಾಲ್ ದುರಂತದ ನಂತರ 1986ರಲ್ಲಿ ಬಂದ ಪರಿಸರ ಸಂರಕ್ಷಣಾ ಕಾಯ್ದೆ. ಮೊದಲ ಸೆಮಿಸ್ಟರಿನಲ್ಲಿ ನನ್ನನ್ನು ಕಾಡಿದ್ದು ಅಂಕಿಅಂಶದ ಪೇಪರ್ ಮತ್ತು ಇಂಗ್ಲಿಷ್. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ ನನ್ನದು. ಉತ್ತರ ತಲೆಯಲ್ಲಿ ಇರುತ್ತಿತ್ತು, ಪೇಪರಿಗೆ ಇಳಿಯುವಾಗ ಅರ್ಧ ಆಗುತ್ತಿತ್ತು. ಹಾಸ್ಟೆಲಿನಲ್ಲಿ ಮೂವರು ಸೇರಿ ಎಲ್ಲ ಪಾಠವನ್ನು ಮೊದಲು ಕನ್ನಡದಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡು, ಆಮೇಲೆ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆವು. ಬೆಳಿಗ್ಗೆ ಒಗ್ಗಾಣಿ, ಮಿರ್ಚಿ. ರಾತ್ರಿ ಅನ್ನ, ಸಾರು. ರೊಟ್ಟಿ ಬೇಕಾದರೆ ಊರಿಂದ ಕಟ್ಟಿಕೊಂಡು ಬಂದ ಕಟಕ್ ರೊಟ್ಟಿ.

ಪ್ರಯೋಗಾಲಯ ಮಾತ್ರ ಮೊದಲ ದಿನವೇ ಇಷ್ಟವಾಯಿತು. ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುವ ವಿಂಕ್ಲರ್ ವಿಧಾನ ಇದೆಯಲ್ಲ, ಅದನ್ನು ಮಾಡಿದವರಿಗೆ ಗೊತ್ತು. ಬಾಟಲಿಗೆ ಎರಡು ದ್ರಾವಣ ಬಿಟ್ಟರೆ ಒಳಗೆ ಕಂದು ಮೋಡ ಏಳುತ್ತದೆ. ಆಮ್ಲ ಹಾಕಿದರೆ ಮೋಡ ಕರಗಿ ಚಹಾ ಡಿಕಾಕ್ಷನ್ ಥರ ಆಗುತ್ತದೆ. ಗಂಜಿ ಹಾಕಿದರೆ ಕಡುನೀಲಿ. ಬ್ಯೂರೆಟ್ಟಿನಿಂದ ಹನಿ ಹನಿ ಬಿಡುತ್ತಾ ಹೋದರೆ ಒಂದು ಹನಿಗೆ ಸಟಕ್ಕನೆ ಬಣ್ಣ ಮಾಯ. ಆ ಒಂದು ಹನಿಗೆ ಕಾಯುವುದು ಒಂದು ಚಟ.

ಎರಡನೇ ಸೆಮಿಸ್ಟರಿನಲ್ಲಿ ಸಂಡೂರಿಗೆ ಕರೆದುಕೊಂಡು ಹೋದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ನಾನು ಐದನೇ ಕ್ಲಾಸು. ಅದಿರು ಲಾರಿ ಓಡಿಸುತ್ತಿದ್ದ ಇದೇ ಸೋದರಮಾವ ಊರಿಗೆ ವಾಪಸ್ ಬಂದು ಕಟ್ಟೆ ಮೇಲೆ ಕೂತದ್ದು ಮಾತ್ರ ನೆನಪಿತ್ತು. ಆಮೇಲೆ ಗಣಿಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದ್ದು, ಹೆಚ್ಚು ಅಕ್ರಮ ಕಂಡ ಸಿ ಗಣಿಗಳ ಗುತ್ತಿಗೆ ರದ್ದಾದದ್ದು, ಉಳಿದವರು ಗುಡ್ಡ ಸರಿಪಡಿಸುವ ಯೋಜನೆ ಒಪ್ಪಿದ ಮೇಲೆಯೇ ಮತ್ತೆ ಶುರು ಮಾಡಿದ್ದು ತಿಳಿದದ್ದು ಕ್ಲಾಸಿನಲ್ಲಿ. ಅಲ್ಲಿ ತ್ಯಾಜ್ಯ ಮಣ್ಣಿನ ದಿಬ್ಬಗಳ ಮೇಲೆ ತೆಂಗಿನ ನಾರಿನ ಚಾಪೆ ಹೊದಿಸಿ ಹುಲ್ಲು ಬೆಳೆಸಿದ್ದರು. ಗಾಳಿಯ ದೂಳು ಹಿಡಿಯುವ ಯಂತ್ರ ಇಟ್ಟು ಕೂತೆವು. ಎಂಟು ತಾಸಿಗೊಮ್ಮೆ ಫಿಲ್ಟರ್ ಕಾಗದ ಬದಲಿಸಬೇಕು. ಬಿಳಿ ಕಾಗದ ಇಟ್ಟಿದ್ದೆವು, ತೆಗೆದಾಗ ಇಟ್ಟಿಗೆ ಬಣ್ಣ. ಮೂರನೇ ಪಾಳಿಯಲ್ಲಿ ಕರೆಂಟು ಹೋಗಿ ಆ ದಿನದ ಲೆಕ್ಕವೆಲ್ಲ ಹಾಳಾಯಿತು. ಪುಸ್ತಕದಲ್ಲಿ ಪಿಎಂ10, ಅಂದರೆ ಗಾಳಿಯಲ್ಲಿ ತೇಲುವ ಸಣ್ಣ ದೂಳಿನ ಮಿತಿ 24 ತಾಸಿಗೆ ಘನ ಮೀಟರಿಗೆ 100 ಮೈಕ್ರೋಗ್ರಾಂ ಅಂತ ಒಂದೇ ಸಾಲು ಇರುತ್ತದೆ. ಆ 24 ತಾಸು ಸತತ ಕರೆಂಟು ಇರುವುದೇ ಮುಖ್ಯ ಅಂತ ಎಲ್ಲೂ ಬರೆದಿರುವುದಿಲ್ಲ.

ಆಮೇಲೆ ಪ್ರಬಂಧದ ವಿಷಯ ಆರಿಸುವ ದಿನ. ಹುಡುಗರೆಲ್ಲ ಗಾಳಿ ಅಂದರು. ಉಕ್ಕಿನ ಕಾರ್ಖಾನೆಯ ತೋರಣಗಲ್ಲು, ವಿದ್ಯುತ್ ಸ್ಥಾವರದ ಕುಡತಿನಿ ಹತ್ತಿರವೇ ಇವೆಯಲ್ಲ, ಹೊಗೆಗೆ ಬರವಿಲ್ಲ. ನನ್ನ ರೂಮ್‌ಮೇಟು ಬಳ್ಳಾರಿಯ ಜೀನ್ಸ್ ತೊಳೆಯುವ ಘಟಕಗಳ ನೀರು ತಗೊಂಡಳು. ಅವಳ ಬೆರಳ ತುದಿ ತಿಂಗಳುಗಟ್ಟಲೆ ನೀಲಿ ಇತ್ತು. ನಾನು ಏನೂ ಯೋಚಿಸದೆ ಗೈಡ್ ಮೇಡಂ ಮುಂದೆ ನಿಂತಿದ್ದೆ.

"ನಿಮ್ಮದು ಯಾವ ಊರು?" ಅಂದರು.

"ಕುಷ್ಟಗಿ ಕಡೆ, ಮೇಡಂ."

ಒಂದು ಗಳಿಗೆ ನನ್ನ ಮುಖ ನೋಡಿದರು. "ಫ್ಲೋರೈಡ್ ಮಾಡಿ. ನಿಮಗೆ ಗೊತ್ತಿರೋ ವಿಷಯ."

ನನಗೆ ಸಿಟ್ಟು ಬಂತು. ಹಲ್ಲು ನೋಡಿ ವಿಷಯ ಕೊಟ್ಟರಲ್ಲ ಅಂತ. ರಾತ್ರಿ ಪುಸ್ತಕ ತೆಗೆದಾಗ ಸಿಟ್ಟು ಇಳಿಯಿತು. ಈ ಗೆರೆ ಹೊರಗಿಂದ ಬಂದ ಕೊಳೆ ಅಲ್ಲ. ಎಂಟು ವರ್ಷದೊಳಗೆ, ದವಡೆಯೊಳಗೆ ಹಲ್ಲು ತಯಾರಾಗುವಾಗಲೇ, ಕುಡಿಯುವ ನೀರಿನಲ್ಲಿ ಕರಗಿದ ಜಾಸ್ತಿ ಫ್ಲೋರೈಡಿನಿಂದ ಹಲ್ಲಿನ ಪದರ ಕೆಟ್ಟಿರುತ್ತದೆ. ತಿಕ್ಕಿದರೆ ಹೋಗುವುದಲ್ಲ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿ ಬರೆದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಕಡೆ. ಅವ್ವನಿಗೆ ಫೋನ್ ಮಾಡಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಊಟ ಆತೇನ?" ಅಂದಳು.

2023ರ ನವೆಂಬರಿನಲ್ಲಿ ಮೂವತ್ತು ಕಡೆ ನೀರು ಹಿಡಿದೆ. ನಮ್ಮೂರು, ಸುತ್ತಲಿನ ಊರುಗಳು, ಹೊಲದ ಬೋರು, ಶಾಲೆ ಮುಂದಿನ ಬೋರಿಂಗು, ಎರಡು ತೆರೆದ ಬಾವಿ. ಯೋಜನೆಯಲ್ಲಿ ಇದಕ್ಕೆ "ಮಳೆಗಾಲದ ನಂತರದ ಮಾದರಿ" ಅಂತ ಹೆಸರು. ಆದರೆ ಆ ವರ್ಷ ಮಳೆಗಾಲವೇ ಆಗಿರಲಿಲ್ಲ. ರಾಜ್ಯದ 220ಕ್ಕೂ ಹೆಚ್ಚು ತಾಲ್ಲೂಕು ಬರಪೀಡಿತ ಅಂತ ಘೋಷಣೆ ಆಗಿತ್ತು. ಪಂಪು ಐದಾರು ನಿಮಿಷ ಓಡಿಸಿ, ಪೈಪಿನಲ್ಲಿ ನಿಂತ ನೀರು ಹೋಗಲಿ ಅಂತ ಕಾದು, ಅದೇ ನೀರಿನಿಂದ ಬಾಟಲಿ ಮೂರು ಸಲ ತೊಳೆದು ತುಂಬಬೇಕು. ಬರದ ವರ್ಷ ಐದು ನಿಮಿಷ ನೀರು ಸುಮ್ನೆ ನೆಲಕ್ಕೆ ಬಿಡು ಅಂತ ರೈತನಿಗೆ ಹೇಳಿ ನೋಡಿ! ಕೊಡ ಹಿಡಿದ ಹೆಂಗಸರನ್ನು ಮೊದಲು ತುಂಬಿಸಿಕೊಳ್ಳಲು ಬಿಟ್ಟು, ಕೊನೆಗೆ ನಾನು ಬಾಟಲಿ ಒಡ್ಡುತ್ತಿದ್ದೆ. ನೀರು ವ್ಯರ್ಥ ಆಗಲಿಲ್ಲ, ನಿಯಮವೂ ಮುರಿಯಲಿಲ್ಲ.

ಫ್ಲೋರೈಡಿಗೆ ಗಾಜಿನ ಬಾಟಲಿ ಬೇಡ, ಪ್ಲಾಸ್ಟಿಕ್ಕೇ ಆಗಬೇಕು. ಮೂವತ್ತು ಲೀಟರ್ ಬಾಟಲಿ ಎರಡು ಗೊಬ್ಬರದ ಚೀಲದಲ್ಲಿ ಕಟ್ಟಿ ಬಸ್ಸಿಗೆ ಏರಿಸಿದೆ. ಕಂಡಕ್ಟರ್ ಚೀಲ ಮುಟ್ಟಿ ನೋಡಿ, "ಏನವ್ವಾ, ಬಳ್ಳಾರ್ಯಾಗ ನೀರಿಲ್ಲೇನ?" ಅಂದು ಲಗೇಜು ಟಿಕೆಟು ಹರಿದ. ಹೊಸಪೇಟೆಯಲ್ಲಿ ಬಸ್ಸು ಬದಲಿಸುವಾಗ ಒಂದು ಬಾಟಲಿ ಉರುಳಿ ಹೋಗಿ, ಅದರ ಹಿಂದೆ ನಾನು ಓಡಿದ್ದು ಬೇರೆ ಕಥೆ.

ಇನ್ನು ಅಳೆಯುವುದು. ನಮ್ಮಲ್ಲಿದ್ದದ್ದು ಸ್ಪ್ಯಾಡ್ನ್ಸ್ ವಿಧಾನ. ಸ್ಪ್ಯಾಡ್ನ್ಸ್ ಅನ್ನುವ ಬಣ್ಣವೂ ಜಿರ್ಕೋನಿಯಂ ಲೋಹವೂ ಜೋಡಿಯಾಗಿ ಕೂತ ಕೆಂಪು ದ್ರಾವಣ ಅದು. ನೀರಿನಲ್ಲಿ ಫ್ಲೋರೈಡ್ ಇದ್ದರೆ ಅದು ಜಿರ್ಕೋನಿಯಂ ಅನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಕೆಂಪು ತಿಳಿಯಾಗುತ್ತದೆ. ಎಷ್ಟು ತಿಳಿಯಾಯಿತು ಅಂತ ಯಂತ್ರ ಹೇಳುತ್ತದೆ. ಗೊತ್ತಿರುವ ದ್ರಾವಣಗಳಿಂದ ಮೊದಲು ಒಂದು ಗೆರೆ ಎಳೆದುಕೊಂಡು, ನಮ್ಮ ನೀರು ಆ ಗೆರೆಯಲ್ಲಿ ಎಲ್ಲಿ ಬೀಳುತ್ತದೆ ನೋಡಬೇಕು. ನಾನು ಸೊನ್ನೆಯಿಂದ 1.4 ಮಿಲಿಗ್ರಾಂವರೆಗೆ ಗೆರೆ ಎಳೆದೆ. ಚೆಂದದ ನೇರ ಗೆರೆ ಬಂತು. ನಮ್ಮೂರಿನ ಸಿಹಿ ಬೋರು 1.43. ಪಕ್ಕದ ಊರಿನದು 1.46. ಇನ್ನೊಂದು 1.41. ಕುಡಿಯುವ ನೀರಿಗೆ ಭಾರತೀಯ ಮಾನಕದ ಅಪೇಕ್ಷಿತ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಇಲ್ಲದಾಗ 1.5ರವರೆಗೆ ನಡೆಯುತ್ತದೆ. ಅಂದರೆ ಅಂಚಿನಲ್ಲಿದೆ, ಆದರೂ ಒಳಗೇ ಇದೆ.

ಸಂಕ್ರಾಂತಿಗೆ ಊರಿಗೆ ಹೋದಾಗ ಎಳ್ಳು ಹಚ್ಚಿದ ರೊಟ್ಟಿ ತಿನ್ನುತ್ತಾ ಇದನ್ನು ಅಮ್ಮನಿಗೆ ಹೇಳಿಯೂ ಬಿಟ್ಟೆ. ನಮ್ಮ ಮನೆಯಲ್ಲಿ ಅಜ್ಜಿಗೆ ಅಮ್ಮ ಅಂತೀವಿ, ತಾಯಿಗೆ ಅವ್ವ. "ಬೋರಿನ ನೀರು ಪರವಾಗಿಲ್ಲ, ಮಿತಿಯೊಳಗ ಐತಿ." ಅಮ್ಮ ಆ ಸುದ್ದಿಯನ್ನು ಕಟ್ಟೆಗೆ ಮುಟ್ಟಿಸಿದಳು. ಮೊಮ್ಮಗಳು ಬಳ್ಳಾರ್ಯಾಗ ಮಷಿನ್ನಿಗೆ ಹಾಕಿ ನೋಡ್ಯಾಳ, ಛೊಲೊ ನೀರಂತ! ಐದು ರೂಪಾಯಿ ಕೊಟ್ಟು ಫಿಲ್ಟರ್ ನೀರು ತರುತ್ತಿದ್ದ ಎರಡು ಮನೆಯವರು ನಿಲ್ಲಿಸಿದರಂತೆ. ಇದು ನನಗೆ ಆಮೇಲೆ ಗೊತ್ತಾದದ್ದು.

ಫೆಬ್ರವರಿಯಲ್ಲಿ ಮೇಡಂ ನನ್ನ ಪಟ್ಟಿ ನೋಡಿದರು. ಮೇಲಿಂದ ಕೆಳಗೆ ಬೆರಳಾಡಿಸಿದರು.

"ಇಷ್ಟೊಂದು ಬೋರು ಒಂದೇ ಥರ ಇರೋಕೆ ಅವೇನು ಒಂದೇ ಹೊಟ್ಟೆಯಲ್ಲಿ ಹುಟ್ಟಿದವಾ? ಡೈಲ್ಯೂಟ್ ಮಾಡಿದಿರಾ?"

ಮಾಡಿರಲಿಲ್ಲ, ಅಂದರೆ ಡಿಸ್ಟಿಲ್ಡ್ ನೀರು ಬೆರೆಸಿ ತೆಳುವಾಗಿಸಿರಲಿಲ್ಲ. ಈ ವಿಧಾನ ನೇರವಾಗಿ ಅಳೆಯುವುದು 1.4ರ ತನಕ ಮಾತ್ರ. ಅದಕ್ಕಿಂತ ಜಾಸ್ತಿ ಇದ್ದರೆ ತಿಳಿಯಾಗಲು ಬಣ್ಣವೇ ಹೆಚ್ಚು ಉಳಿದಿರುವುದಿಲ್ಲ. ಯಂತ್ರ ತನಗೆ ತಿಳಿದಷ್ಟೇ ಹೇಳುತ್ತದೆ. ಎರಡು ಸೇರಿನ ಪಾತ್ರೆಯಲ್ಲಿ ಹತ್ತು ಸೇರು ಜೋಳ ಅಳೆದು, ಎರಡೇ ಸೇರು ಅಂತ ಬರೆದುಕೊಂಡ ಹಾಗಾಗಿತ್ತು ನನ್ನ ಕೆಲಸ. ಪುಸ್ತಕದಲ್ಲಿ ಆ ಸಾಲು ಇತ್ತು. ನಾನು ಓದಿಯೂ ಇದ್ದೆ, ಗೆರೆ ಕೂಡ ಹಾಕಿದ್ದೆ. ಅಂಕಿ ಮಿತಿಯೊಳಗೆ ಬಂದಾಗ ಖುಷಿಯಾಗಿ ಮುಂದಕ್ಕೆ ಹೋಗಿದ್ದೆ, ಅಷ್ಟೆ. ನಮ್ಮೂರ ನೀರು ಒಳ್ಳೆಯದಿರಲಿ ಅಂತ ನನಗೆ ಆಸೆ ಇತ್ತಲ್ಲ.

ಹಳೇ ನೀರು ಇಟ್ಟು ಬಹಳ ದಿನ ಆಗಿತ್ತು, ಉಪಯೋಗಕ್ಕೆ ಬರುವಂತಿರಲಿಲ್ಲ. ಮತ್ತೆ ಮೂವತ್ತು ಬಾಟಲಿ, ಮತ್ತೆ ಗೊಬ್ಬರದ ಚೀಲ. ಈ ಸಲ ಮೂರು ಬೋರು ಬತ್ತಿದ್ದವು, ಇಪ್ಪತ್ತೇಳೇ ಸಿಕ್ಕವು. ಹತ್ತು ಎಂ.ಎಲ್. ನೀರಿಗೆ ಡಿಸ್ಟಿಲ್ಡ್ ನೀರು ಸೇರಿಸಿ ಐವತ್ತು ಮಾಡಿ ಯಂತ್ರಕ್ಕೆ ಇಟ್ಟೆ. ಹನುಮಪ್ಪನ ಗುಡಿ ಬೋರು 0.68 ತೋರಿಸಿತು. ಐದರಿಂದ ಗುಣಿಸಬೇಕು. 3.4.

ಮತ್ತೆ ಮಾಡಿದೆ. ಮತ್ತೂ ಅಷ್ಟೇ.

ಹಳೇ ಸವಳು ಬಾವಿ? 0.8. ಗಡಸುತನ ಮಾತ್ರ ವಿಪರೀತ, ಲೀಟರಿಗೆ 600 ಮಿಲಿಗ್ರಾಂ ಮಿತಿಯನ್ನೂ ದಾಟಿತ್ತು. ನನ್ನ ಪಟ್ಟಿ ಪೂರ್ತಿ ಇದೇ ಕಥೆ. ಯಾವ ನೀರನ್ನು ಊರು ಸಿಹಿ ಅಂದಿತ್ತೋ ಅದರಲ್ಲೇ ಫ್ಲೋರೈಡ್ ಜಾಸ್ತಿ. ಇದರಲ್ಲಿ ಮಾಟವೇನಿಲ್ಲ. ನಮ್ಮ ನೆಲದಡಿ ಗ್ರಾನೈಟು, ನೈಸ್ ಕಲ್ಲು. ಅದರೊಳಗೆ ಫ್ಲೋರೈಟ್, ಅಪಟೈಟ್, ಕಾಗೆಬಂಗಾರದಂತೆ ಮಿನುಗುವ ಬಯೊಟೈಟ್ ಇರುತ್ತವೆ. ಆಳದ ನೀರು ವರ್ಷಗಟ್ಟಲೆ ಈ ಕಲ್ಲಿನ ಸಂದಿಯಲ್ಲಿ ಕೂತು ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟು ಇದ್ದರೆ ಅದು ಫ್ಲೋರೈಡನ್ನು ಹಿಡಿದು ತಳಕ್ಕೆ ಕೂರಿಸಿಬಿಡುತ್ತದೆ. ಕಮ್ಮಿ ಇದ್ದರೆ ಫ್ಲೋರೈಡ್ ಆರಾಮಾಗಿ ಉಳಿಯುತ್ತದೆ. ಬ್ಯಾಳಿ ಬೇಯದಂತೆ ಮಾಡುವುದೂ ಅದೇ ಕ್ಯಾಲ್ಸಿಯಂ. ಹಾಗಾಗಿ ಬ್ಯಾಳಿ ಬೇಯುವ ನೀರು ನಮ್ಮ ಕಡೆ ಸಂಶಯದ ನೀರು. ಫ್ಲೋರೈಡಿಗೆ ರುಚಿ ಇಲ್ಲ, ವಾಸನೆ ಇಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ.

ಶಿವರಾತ್ರಿಗೆ ಊರಿಗೆ ಹೋದೆ. ಅಲ್ಲಿಯವರೆಗೆ ಮಾಡಿದ ಯಾವ ಪರೀಕ್ಷೆಯೂ ಅಷ್ಟು ಕಷ್ಟ ಅನಿಸಿರಲಿಲ್ಲ. ಕಟ್ಟೆ ಮೇಲೆ ಏಳೆಂಟು ಜನ ಇದ್ದರು. ನಾನು ತಪ್ಪು ಅಳೆದಿದ್ದೆ, ಆ ನೀರು ಕುಡಿಯಬಾರದು, ಅದರಲ್ಲೂ ಸಣ್ಣ ಮಕ್ಕಳಿಗೆ ಬೇಡವೇ ಬೇಡ ಅಂದೆ.

ಸೋದರಮಾವ ಬೀಡಿ ಆರಿಸಿದ. "ಸಂಕ್ರಾಂತ್ಯಾಗ ಛೊಲೊ ಐತಿ ಅಂದಿ. ಶಿವರಾತ್ರ್ಯಾಗ ಕೆಟ್ಟೈತಿ ಅಂತಿ. ಯುಗಾದಿಗೆ ಏನಂತೀ?"

ಎಲ್ಲರೂ ನಕ್ಕರು. ನಾನೂ ನಕ್ಕೆ, ಬಾಯಿಗೆ ಕೈ ಅಡ್ಡ ಇಡದೆ. ಹಲ್ಲು ತೋರಿಸಿ, ಇದು ಆ ಬೋರಿನದೇ ಕೆಲಸ ಅಂದೆ. ಒಬ್ಬರು ಹಿರಿಯರು ಕುತ್ತಿಗೆ ತಿರುಗಿಸಲಾಗದೆ ಇಡೀ ಮೈ ತಿರುಗಿಸಿ ನನ್ನ ಕಡೆ ನೋಡಿದರು. ಅವರ ಬೆನ್ನು ಬಾಗಿ ಬಹಳ ವರ್ಷ ಆಗಿದೆ. ಹೊಲದಲ್ಲಿ ದುಡಿದು ಹಾಗಾಯಿತು ಅಂತಲೇ ನಾವೆಲ್ಲ ನಂಬಿದ್ದೆವು. ಅದು ಮೂಳೆಗೆ ಇಳಿದ ಫ್ಲೋರೈಡೋ, ವಯಸ್ಸೋ, ಡಾಕ್ಟರ್ ನೋಡದೆ ಹೇಳುವ ಹಾಗಿಲ್ಲ. ನಾನು ಹೇಳಲಿಲ್ಲ. ಒಂದು ಸಲ ಬಾಯಿ ಬಿಟ್ಟು ಪಾಠ ಕಲಿತಿದ್ದೆ.

ಬೇಸಿಗೆಯ ಮಾದರಿ, ನಕ್ಷೆ, ಬರವಣಿಗೆ ಎಲ್ಲ ಹೇಗೋ ಮುಗಿದವು. ವೈವಾ ಇದ್ದದ್ದು 2024ರ ಆಗಸ್ಟಿನಲ್ಲಿ. ಆ ತಿಂಗಳ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಅದರ ಎರಡು ದಿನದ ಮೇಲೆ ನಾನು ಊರಿಂದ ಬಳ್ಳಾರಿಗೆ ಹೊರಟಿದ್ದೆ. ಮುನಿರಾಬಾದ್ ದಾಟುವಾಗ ಬಸ್ಸಿನವರೆಲ್ಲ ಎದ್ದು ಒಂದೇ ಕಿಟಕಿಗೆ ಜಮಾಯಿಸಿದರು. ಉಳಿದ ಗೇಟುಗಳನ್ನೂ ತೆರೆದಿದ್ದರು. ಒತ್ತಡ ಇಳಿಸದೆ ದುರಸ್ತಿ ಆಗುವಂತಿರಲಿಲ್ಲ. ಬರದ ವರ್ಷ ಕಳೆದು ಈಗಷ್ಟೇ ತುಂಬಿದ್ದ ಕೆರೆ. ನನ್ನ ತೊಡೆ ಮೇಲೆ ಫ್ಲೋರೈಡಿನ ಪ್ರಬಂಧ. ಹೊಳೆಯ ನೀರಿನಲ್ಲಿ ಫ್ಲೋರೈಡ್ ಕಮ್ಮಿ ಅಂತ ಅದರಲ್ಲಿ ನಾನೇ ಬರೆದಿದ್ದೆ. ಆ ನೀರು ಬೆಳ್ಳಗೆ ನೊರೆಯಾಗಿ ಕೆಳಗೆ ಓಡುತ್ತಿತ್ತು.

ವೈವಾದಲ್ಲಿ ಹೊರಗಿನ ಪರೀಕ್ಷಕರು ಮೊದಲ ಪ್ರಶ್ನೆಯನ್ನೇ ಅಲ್ಲಿಗೆ ಹಾಕಿದರು. "ಎಲ್ಲರೂ ನವೆಂಬರ್ ಮತ್ತು ಮೇ ತಗೋತಾರೆ. ನಿಮ್ಮದು ಫೆಬ್ರವರಿ ಮತ್ತು ಮೇ. ಯಾಕೆ?" ಬರ ಬಂದಿತ್ತು ಅಂತ ಹೇಳಬಹುದಿತ್ತು. ಆದರೆ ಮೇಡಂ ಅಲ್ಲೇ ಕೂತಿದ್ದರು. ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಆ ಹಾಳೆ ಮಡಿಚಿ, "ಆ ತಪ್ಪು ಪಟ್ಟಿ ಇಟ್ಟುಕೊಂಡಿದ್ದೀರಾ?" ಅಂದರು. ಇತ್ತು. ಅದನ್ನೂ ಪ್ರಬಂಧದ ಕೊನೆಗೆ ಸೇರಿಸಿ ಅಂದರು. ಸೇರಿಸಿದ್ದೇನೆ.

ಈಗ ಹೊಸಪೇಟೆಯ ಒಂದು ಖಾಸಗಿ ಲ್ಯಾಬಿನಲ್ಲಿ ನೀರು ಅಳೆಯುತ್ತೇನೆ. ಸಂಬಳ ಕಮ್ಮಿ. ಉಪನ್ಯಾಸಕಿಯಾಗಲು ಬೇಕಾದ ನೆಟ್ ಪರೀಕ್ಷೆ ಒಂದು ಸಲ ಬರೆದೆ, ಆಗಲಿಲ್ಲ. ಮತ್ತೆ ಓದುತ್ತಿದ್ದೇನೆ.

ಅಮ್ಮನ ವಿಷಯ ಉಳಿಯಿತು. ಕುಡಿಯುವುದಕ್ಕೆ ಫಿಲ್ಟರ್ ನೀರು ತರಲು ಅವಳು ಒಪ್ಪಿದಳು. ಆದರೆ ಅಡುಗೆಗೆ ಬೋರಿನ ನೀರೇ. "ಫಿಲ್ಟರ್ ನೀರಾಗ ಬ್ಯಾಳಿ ಬೇಯಾಂಗಿಲ್ಲ" ಅಂತ ಹಟ. ಬಾಯಲ್ಲಿ ಹೇಳಿ ಉಪಯೋಗ ಇಲ್ಲ ಅಂತ ಗೊತ್ತಿತ್ತು. ಎರಡು ಪಾತ್ರೆ, ಎರಡರಲ್ಲೂ ಒಂದೊಂದು ಹಿಡಿ ತೊಗರಿಬ್ಯಾಳಿ, ಒಂದಕ್ಕೆ ಬೋರಿನ ನೀರು, ಇನ್ನೊಂದಕ್ಕೆ ಫಿಲ್ಟರ್ ನೀರು. ಒಂದೇ ಒಲೆಯ ಎರಡು ಉರಿ. ಫಿಲ್ಟರಿನಲ್ಲಿ ಕ್ಯಾಲ್ಸಿಯಂ ಕೂಡ ಹೋಗಿರುತ್ತದಲ್ಲ, ಅದು ಬೇಯಲೇಬೇಕು. ಅಮ್ಮ ಸೌಟಿನಿಂದ ಒಂದೊಂದೇ ಕಾಳು ತೆಗೆದು ಹಿಸುಕಿ ನೋಡುತ್ತಾ ಕೂತಳು. ಫಿಲ್ಟರ್ ನೀರಿನದೇ ಮೊದಲು ಕರಗಿತು. ಅಮ್ಮ ಏನೂ ಅನ್ನಲಿಲ್ಲ. ಮರುದಿನದಿಂದ ಎರಡು ಕ್ಯಾನು ತರಿಸಲು ಶುರು ಮಾಡಿದಳು.

ಫಿಲ್ಟರ್ ಘಟಕ ಆಗಾಗ ಕೆಡುತ್ತದೆ. ಕೃಷ್ಣಾ ನೀರಿನ ಪೈಪು ಊರ ತನಕ ಬಂದಿದೆ, ನೀರು ಬಂದ ದಿನ ಬಂತು, ಇಲ್ಲದ ದಿನ ಇಲ್ಲ. ಎರಡೂ ಇಲ್ಲದ ದಿನ ಅಮ್ಮನ ಫೋನ್ ಬರುತ್ತದೆ.

"ಇವತ್ತು ಯಾವ ನೀರು ತರ್ಲಿ?"

"ಹಳೇ ಬಾವಿದು ತಾ. ಒಂದಿನಕ್ಕ ನಡೀತದ."

"ಅದು ಸವಳು. ಬ್ಯಾಳಿ ಬೇಯಾಂಗಿಲ್ಲ."

"ಗೊತ್ತೈತಿ, ಅಮ್ಮ."

"ಹಂಗಾರ ಇವತ್ತು ಝುಣಕ," ಅಂದು ಫೋನ್ ಇಡುತ್ತಾಳೆ.